ಅಪ್‌ಗ್ರೇಡ್ ಬಟನ್ ಒತ್ತೋ ಮುಂಚೆ ಚಿಕ್ಕಮ್ಮನನ್ನ ಕೇಳಬೇಕಿತ್ತು

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ.)



ಇವತ್ತು ಮಾತಾಡೋದು ಫೋನ್ ಬಗ್ಗೆ ಅಲ್ಲ, ಕಂಪ್ಯೂಟರ್ ಬಗ್ಗೆ. ನೀವು ಇದನ್ನ ಫೋನಲ್ಲೇ ಕೇಳ್ತಾ ಇದ್ದೀರಾ ಅಂತ ಗೊತ್ತು. ಬಸ್ಸಲ್ಲೋ, ಮೆಟ್ರೋದಲ್ಲೋ, ಪಾತ್ರೆ ತೊಳೀತಾನೋ. ಆದರೂ ಮನೇಲಿ ಒಂದು ಹಳೇ ಕಂಪ್ಯೂಟರ್ ಇದ್ದೇ ಇರುತ್ತೆ. ಅಪ್ಪಂದೋ, ಅಕ್ಕನ ಲ್ಯಾಪ್‌ಟಾಪೋ, ಮಾವನ ಅಂಗಡಿದೋ. ಅದಕ್ಕೆ ಏನಾದರೂ ಆದ್ರೆ ಫೋನ್ ಬರೋದು ನಿಮಗೇ. "ನೀನು ಓದಿದ್ದೀಯಲ್ಲ, ಸ್ವಲ್ಪ ನೋಡು" ಅಂತ. ನೀವು ಬಿ.ಕಾಂ. ಓದಿದ್ದರೂ ಸರಿ, ಬಾಟನಿ ಓದಿದ್ದರೂ ಸರಿ.

ನನಗೂ ಅಂಥದ್ದೇ ಫೋನ್ ಬಂತು, ಕಳೆದ ದೀಪಾವಳಿಗೆ ಎರಡು ದಿನ ಮುಂಚೆ. ನಮ್ಮ ಚಿಕ್ಕಪ್ಪ. ತಿಪಟೂರಲ್ಲಿ ಅವರದ್ದೊಂದು ಟೈಪಿಂಗ್ ಅಂಗಡಿ ಇದೆ. ಜೆರಾಕ್ಸು, ಲಗ್ನಪತ್ರಿಕೆ, ಅರ್ಜಿ ಟೈಪ್ ಮಾಡೋದು, ಪಹಣಿ ತೆಗೆದುಕೊಡೋದು, ಎಲ್ಲ ಅಲ್ಲೇ.

"ಏ ಪುಟ್ಟಿ, ವಿಂಡೋಸ್ ಹತ್ತು ನಿಂತೋಯ್ತಂತೆ ಕಣೆ. ಹನ್ನೊಂದು ಹಾಕಿಕೊಡ್ತೀಯಾ? ಹಬ್ಬಕ್ಕೆ ಎರಡು ದಿನ ಅಂಗಡಿ ಬಾಗಿಲು ಹಾಕಿರ್ತೀನಿ. ಆಮೇಲೆ ಮದುವೆ ಸೀಸನ್ ಶುರುವಾಗುತ್ತೆ, ಉಸಿರಾಡೋಕೂ ಪುರುಸೊತ್ತಿರಲ್ಲ."

ಹೂಂ ಅಂದೆ. ಆದರೆ ಫೋನ್ ಇಟ್ಟ ಮೇಲೆ ಹೊಟ್ಟೇಲಿ ಏನೋ ಒಂಥರಾ ಆಯ್ತು. ಯಾಕಂದ್ರೆ ಆ ಅಂಗಡಿ ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕಿದ್ದು ಇದೇ ಮೊದಲೇನಲ್ಲ. ಹಿಂದಿನ ಸಲಾನೂ ನಾನೇ ಹಾಕಿದ್ದೆ. ಆ ಸಲ ಏನಾಯ್ತು ಅನ್ನೋದನ್ನ ಮೊದಲು ಹೇಳ್ತೀನಿ.

ಹಿಂದಿನ ಸಲ ನಾನು ಮಾಡಿದ್ದು

2020ರ ಜನವರಿ. ಆ ತಿಂಗಳ 14ಕ್ಕೆ ವಿಂಡೋಸ್ 7ಕ್ಕೆ ಬೆಂಬಲ ಮುಗೀತು. ಚಿಕ್ಕಪ್ಪನ ಅಂಗಡೀಲಿ ಆಗ ಇದ್ದದ್ದು 2014ರಲ್ಲಿ ಜೋಡಿಸಿದ ಒಂದು ಡೆಸ್ಕ್‌ಟಾಪ್. ನಾನು ಬೆಂಗಳೂರಿಂದ ಬೆಳಿಗ್ಗೆ ರೈಲು ಹತ್ತಿ ಹೋದೆ, ರಾತ್ರಿ ವಾಪಸ್ ಬರಬೇಕು. ಜೇಬಲ್ಲಿ ಪೆನ್‌ಡ್ರೈವ್, ತಲೇಲಿ ಜಂಬ. ಡೆಸ್ಕ್‌ಟಾಪ್ ಮೇಲೆ ಇದ್ದದ್ದನ್ನೆಲ್ಲ ಕಾಪಿ ಮಾಡಿದೆ. ಡಾಕ್ಯುಮೆಂಟ್ಸ್ ಫೋಲ್ಡರ್ ಕಾಪಿ ಮಾಡಿದೆ. ಡಿ ಡ್ರೈವ್ ಹೇಗಿದ್ದರೂ ಬೇರೆ, ಅದನ್ನ ಮುಟ್ಟಲ್ಲ. ಸಿ ಡ್ರೈವ್ ಫಾರ್ಮ್ಯಾಟ್ ಮಾಡಿ ವಿಂಡೋಸ್ 10 ಹಾಕಿದೆ. ಸಂಜೆ ಹೊತ್ತಿಗೆ ಕಂಪ್ಯೂಟರ್ ಹೊಸದರ ಥರ ಓಡ್ತಿತ್ತು. ಚಿಕ್ಕಪ್ಪ ತಟ್ಟೆ ಇಡ್ಲಿ ಕೊಡಿಸಿದರು. ರೈಲು ಹತ್ತಿ ಬಂದೆ.

ಮೂರು ದಿನ ಆದ ಮೇಲೆ ಚಿಕ್ಕಮ್ಮ ಫೋನ್ ಮಾಡಿದರು. "ಪುಟ್ಟಿ, ಸಿ ಡ್ರೈವಲ್ಲಿ 'ಅತ್ತೆ' ಅಂತ ಒಂದು ಫೋಲ್ಡರ್ ಇಟ್ಟಿದ್ದೆ. ಕಾಣ್ತಿಲ್ಲ ಕಣೆ."

ಅತ್ತೆ ಅಂದ್ರೆ ಚಿಕ್ಕಮ್ಮನಿಗೆ ಅತ್ತೆ. ನನಗೆ ಅಜ್ಜಿ. ಅಜ್ಜಿ 2016ರಲ್ಲಿ ಹೋದರು. ಹೋಗೋಕೆ ಮುಂಚೆ ಎರಡು ವರ್ಷ, ಮಧ್ಯಾಹ್ನ ಅಂಗಡೀಲಿ ಗಿರಾಕಿ ಕಮ್ಮಿ ಇರೋ ಹೊತ್ತಲ್ಲಿ, ಚಿಕ್ಕಮ್ಮ ಅಜ್ಜೀನ ಪಕ್ಕದಲ್ಲಿ ಕೂರಿಸಿಕೊಂಡು ಅವರು ಹೇಳ್ತಿದ್ದ ಸೋಬಾನೆ ಪದಗಳನ್ನ ಒಂದೊಂದಾಗಿ ಟೈಪ್ ಮಾಡಿದ್ದರು. ಒಟ್ಟು 43 ಪದ. ನಮಗ್ಯಾರಿಗೂ ಗೊತ್ತೇ ಇರಲಿಲ್ಲ. ಅದು ಡೆಸ್ಕ್‌ಟಾಪಲ್ಲೂ ಇರಲಿಲ್ಲ, ಡಾಕ್ಯುಮೆಂಟ್ಸಲ್ಲೂ ಇರಲಿಲ್ಲ. ನೇರವಾಗಿ ಸಿ ಡ್ರೈವ್ ಒಳಗೆ ಅವರೇ ಮಾಡಿಕೊಂಡ ಒಂದು ಫೋಲ್ಡರ್. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಮುಂದಿನ ಭಾನುವಾರ ಮತ್ತೆ ಓಡಿ ಹೋದೆ. ಅಳಿಸಿದ್ದನ್ನ ಹುಡುಕಿಕೊಡೋ ತಂತ್ರಾಂಶ ಹಾಕಿ ನೋಡಿದೆ. ಅಷ್ಟು ಹೊತ್ತಿಗೆ ಹೊಸ ವಿಂಡೋಸ್, ಹೊಸ ಪ್ರೋಗ್ರಾಂಗಳು, ವಾರದ ಕೆಲಸ ಎಲ್ಲ ಆ ಜಾಗದ ಮೇಲೆ ಬರೆದು ಕೂತಿದ್ದವು. ಸಿಕ್ಕಿದ್ದು ತೆರೆಯದ ಫೈಲುಗಳು. ಇಲ್ಲೊಂದು ಮಾತು ನೆನಪಿಟ್ಟುಕೊಳ್ಳಿ. ಫೈಲ್ ಅಳಿಸಿ ಹೋಯ್ತು ಅಂತ ಗೊತ್ತಾದ ಕ್ಷಣ ಆ ಕಂಪ್ಯೂಟರ್ ಬಳಸೋದು ನಿಲ್ಲಿಸಿ. ಬಳಸಿದಷ್ಟೂ ವಾಪಸ್ ಸಿಗೋ ಆಸೆ ಕಮ್ಮಿ ಆಗುತ್ತೆ. ಎಸ್‌ಎಸ್‌ಡಿ ಆಗಿದ್ರಂತೂ ಅಳಿಸಿದ ಜಾಗವನ್ನ ಅದೇ ಹಿಂದಿನಿಂದ ಖಾಲಿ ಮಾಡಿಕೊಳ್ತಾ ಹೋಗುತ್ತೆ, ಆಸೆ ಇನ್ನೂ ಕಮ್ಮಿ.

ಚಿಕ್ಕಮ್ಮ ನನಗೆ ಒಂದು ಮಾತೂ ಬೈಲಿಲ್ಲ. "ಹೋಗ್ಲಿ ಬಿಡು" ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಫೋನಿಗೂ ಕಂಪ್ಯೂಟರಿಗೂ ಏನು ವ್ಯತ್ಯಾಸ

ನಾವು ಫೋನಿಗೆ ಒಗ್ಗಿಹೋಗಿದ್ದೀವಿ. ರಾತ್ರಿ ಚಾರ್ಜಿಗೆ ಹಾಕಿ ಮಲಗಿದ್ರೆ ಬೆಳಿಗ್ಗೆ ಹೊಸ ಆಂಡ್ರಾಯ್ಡ್ ಬಂದಿರುತ್ತೆ. ಫೋಟೋ, ಕಾಂಟ್ಯಾಕ್ಟ್ ಎಲ್ಲ ಅಲ್ಲೇ ಇರುತ್ತೆ. ಆ ಮಾಡೆಲ್ ಒಳಗೆ ಏನೇನಿದೆ ಅಂತ ಕಂಪನಿಗೆ ಪೂರ್ತಿ ಗೊತ್ತು, ಅದಕ್ಕೇ ಹೊಂದೋ ಥರ ಪರೀಕ್ಷೆ ಮಾಡಿ ಕಳಿಸಿರ್ತಾರೆ.

ಕಂಪ್ಯೂಟರ್ ಹಾಗಲ್ಲ. ಒಬ್ಬೊಬ್ಬರದ್ದು ಒಂದೊಂದು ಥರ. ಮದರ್‌ಬೋರ್ಡ್ ಒಂದು ಕಂಪನಿದು, ಪ್ರಿಂಟರ್ ಹತ್ತು ವರ್ಷದ್ದು, ತಂತ್ರಾಂಶ ಅದಕ್ಕಿಂತ ಹಳೇದು. ಫೈಲುಗಳು ಎಲ್ಲೆಲ್ಲಿವೆ ಅಂತ ಅದನ್ನ ದಿನಾ ಬಳಸೋರಿಗೆ ಮಾತ್ರ ಗೊತ್ತು. ಅದಕ್ಕೇ ಅಪ್‌ಗ್ರೇಡ್ ಅನ್ನೋದು ಬಟನ್ ಒತ್ತೋ ಕೆಲಸ ಅಲ್ಲ. ಅದಕ್ಕೆ ಮುಂಚೆ ಕೂತು ಕೇಳೋ ಕೆಲಸ. ಇದನ್ನ ಕಲಿಯೋಕೆ ನನಗೆ ಐದು ವರ್ಷ ಬೇಕಾಯ್ತು.

ಅಸಲಿಗೆ ಏನು ನಿಂತಿದ್ದು

ವಿಂಡೋಸ್ 10 ಬಂದದ್ದು 2015ರ ಜುಲೈ 29ಕ್ಕೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದರ ಮಾಮೂಲಿ ಬೆಂಬಲ ನಿಲ್ಲಿಸಿತು. ಕಂಪ್ಯೂಟರ್ ಆಫ್ ಆಗಲ್ಲ, ಫೈಲುಗಳೂ ಎಲ್ಲೂ ಹೋಗಲ್ಲ. ನಿಂತಿದ್ದು ಏನಂದ್ರೆ ಹೊಸದಾಗಿ ಕಂಡುಬರೋ ಭದ್ರತಾ ತೂತುಗಳಿಗೆ ತೇಪೆ ಹಾಕೋದು. ಮನೇಲಿ ಸಿನಿಮಾ ನೋಡೋ ಕಂಪ್ಯೂಟರಿಗಿಂತ, ಊರಿನವರ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್ ಮಾಡೋ ಅಂಗಡಿ ಕಂಪ್ಯೂಟರಿಗೆ ಇದು ದೊಡ್ಡ ವಿಷಯ.

ತಕ್ಷಣ ಬದಲಾಯಿಸೋಕೆ ಆಗದವರಿಗೆ ಒಂದು ದಾರಿ ಇದೆ. ಎಕ್ಸ್‌ಟೆಂಡೆಡ್ ಸೆಕ್ಯುರಿಟಿ ಅಪ್‌ಡೇಟ್ಸ್, ಚಿಕ್ಕದಾಗಿ ಇಎಸ್‌ಯು ಅಂತಾರೆ. ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ತೇಪೆ ಮಾತ್ರ ಬರ್ತಾ ಇರುತ್ತೆ. ವಿಂಡೋಸ್ 10ರ 22ಎಚ್2 ಆವೃತ್ತಿ ಇರಬೇಕು, ಮೈಕ್ರೋಸಾಫ್ಟ್ ಖಾತೆ ಬೇಕು. ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದ್ರೆ ದುಡ್ಡಿಲ್ಲ. ಇಲ್ಲಾಂದ್ರೆ 1000 ರಿವಾರ್ಡ್ಸ್ ಪಾಯಿಂಟ್, ಇಲ್ಲಾ ಒಂದು ಸಲಕ್ಕೆ 30 ಡಾಲರ್. ಸೆಟ್ಟಿಂಗ್ಸ್ ಒಳಗೆ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಸೇರಿಕೊಳ್ಳಬಹುದು. ಇದು ಪರಿಹಾರ ಅಲ್ಲ, ಸ್ವಲ್ಪ ಉಸಿರು ತಗೊಳ್ಳೋಕೆ ಸಮಯ, ಅಷ್ಟೇ.

ಈ ಯಂತ್ರ ತಡ್ಕೊಳ್ಳುತ್ತಾ?

ಹಬ್ಬದ ಹಿಂದಿನ ದಿನ ಸಂಜೆ ಅಂಗಡಿ ಬಾಗಿಲು ಅರ್ಧ ಎಳೆದು ಕೂತ್ವಿ. ಚಿಕ್ಕಪ್ಪ, ಚಿಕ್ಕಮ್ಮ, ಮೈಸೂರಲ್ಲಿ ಓದೋ ತಂಗಿ, ನಾನು. ಮುಂದೆ ಮೂರು ಯಂತ್ರ. ಒಂದು ಆ 2014ರ ಡೆಸ್ಕ್‌ಟಾಪ್, ಇನ್ನೂ ಬದುಕಿದೆ. ಎರಡನೇದು 2020ರ ಕೊನೇಲಿ ಜೋಡಿಸಿಕೊಂಡ, ಇಂಟೆಲ್ ಹತ್ತನೇ ತಲೆಮಾರಿನ ಐ3 ಇರೋ ಡೆಸ್ಕ್‌ಟಾಪ್. ಮೂರನೇದು ತಂಗಿ ಲ್ಯಾಪ್‌ಟಾಪ್.

ವಿಂಡೋಸ್ 11ಕ್ಕೆ ಬೇಕಾಗಿರೋದು ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಸ್ಟೋರೇಜ್, ಯುಇಎಫ್‌ಐ ಮತ್ತು ಸೆಕ್ಯೂರ್ ಬೂಟ್, ಟಿಪಿಎಂ 2.0 ಅನ್ನೋ ಭದ್ರತಾ ಚಿಪ್, ಮತ್ತೆ ಅವರ ಪಟ್ಟೀಲಿರೋ ಪ್ರೊಸೆಸರ್. ಇಂಟೆಲ್ ಆದ್ರೆ ಬಹುಪಾಲು ಎಂಟನೇ ತಲೆಮಾರು ಮತ್ತು ಅದಕ್ಕಿಂತ ಹೊಸದು. ಇದನ್ನೆಲ್ಲ ಬಾಯಿಪಾಠ ಮಾಡೋದು ಬೇಡ. ಮೈಕ್ರೋಸಾಫ್ಟಿನವರದ್ದೇ ಪಿಸಿ ಹೆಲ್ತ್ ಚೆಕ್ ಅನ್ನೋ ಆ್ಯಪ್ ಇದೆ. ಹಾಕಿ ಒತ್ತಿದ್ರೆ ಆಗುತ್ತೆ, ಆಗಲ್ಲ, ಯಾಕೆ ಆಗಲ್ಲ ಅಂತ ಹೇಳುತ್ತೆ.

ಹಳೇ ಡೆಸ್ಕ್‌ಟಾಪ್ ನಾಲ್ಕನೇ ತಲೆಮಾರಿಂದು. ಖಡಾಖಂಡಿತವಾಗಿ ಆಗಲ್ಲ ಅಂತು. ಅಡ್ಡದಾರೀಲಿ ಹಾಕೋ ವಿಡಿಯೋಗಳು ಬೇಕಾದಷ್ಟಿವೆ. ಆದರೆ ಹಾಗೆ ಹಾಕಿದ ಯಂತ್ರಕ್ಕೆ ಮುಂದೆ ಅಪ್‌ಡೇಟ್ ಬರುತ್ತೆ ಅನ್ನೋ ಖಾತ್ರಿಯನ್ನ ಕಂಪನಿ ಕೊಡಲ್ಲ. ನಾಲ್ಕು ಜನರ ಕಾಗದ ಪತ್ರ ಇರೋ ಯಂತ್ರದ ಮೇಲೆ ನಾನು ಆ ಪ್ರಯೋಗ ಮಾಡಲ್ಲ.

2020ರ ಡೆಸ್ಕ್‌ಟಾಪೂ ಆಗಲ್ಲ ಅಂತು! ಚಿಕ್ಕಪ್ಪನ ಮುಖ ಸಪ್ಪಗಾಯ್ತು. "ಹೊಸದು ಕಣೆ ಇದು." ನೋಡಿದ್ರೆ ಪ್ರೊಸೆಸರ್ ಸರಿ ಇದೆ, ಟಿಪಿಎಂ ಇಲ್ಲ ಅಂತಿದೆ. ಜೋಡಿಸಿದ ಡೆಸ್ಕ್‌ಟಾಪಲ್ಲಿ ಇದು ತುಂಬ ಮಾಮೂಲು. ಚಿಪ್‌ನ ಕೆಲಸ ಪ್ರೊಸೆಸರ್ ಒಳಗೇ ಇರುತ್ತೆ, ಬಯೋಸಲ್ಲಿ ಆಫ್ ಆಗಿರುತ್ತೆ ಅಷ್ಟೇ. ಇಂಟೆಲ್ ಬೋರ್ಡಲ್ಲಿ ಅದರ ಹೆಸರು ಪಿಟಿಟಿ, ಎಎಂಡಿ ಬೋರ್ಡಲ್ಲಿ ಎಫ್‌ಟಿಪಿಎಂ. ಆಗಲ್ಲ ಅಂದ ತಕ್ಷಣ ಹೊಸ ಕಂಪ್ಯೂಟರ್ ತಗೊಳ್ಳೋಕೆ ಹೊರಡಬೇಡಿ. ಮೊದಲು ಈ ಒಂದು ಸ್ವಿಚ್ ನೋಡಿ.

ಆದರೆ ಬಯೋಸ್ ಮುಟ್ಟೋಕೆ ಮುಂಚೆ ಆಗಬೇಕಾದ ಕೆಲಸ ಬೇರೆ ಇತ್ತು. ನಾನು ಬೇಕಂತಲೇ ಮಾನಿಟರ್ ಆಫ್ ಮಾಡಿದೆ, ಒಂದು ನೋಟ್‌ಬುಕ್ ತೆಗೆದೆ.

ನೋಟ್‌ಬುಕ್ಕಿನ ಪ್ರಶ್ನೆಗಳು

ಮೊದಲನೇ ಪ್ರಶ್ನೆ ಚಿಕ್ಕಮ್ಮನಿಗೆ. "ನಾಳೆ ಬೆಳಿಗ್ಗೆ ಈ ಕಂಪ್ಯೂಟರ್ ಆನ್ ಆಗಲೇ ಇಲ್ಲ ಅಂದ್ಕೊಳ್ಳಿ. ಏನೇನು ಹೋದ್ರೆ ನಿಮಗೆ ಬೇಜಾರಾಗುತ್ತೆ?"

ಅವರು ಹೇಳ್ತಾ ಹೋದರು, ನಾನು ಬರೀತಾ ಹೋದೆ. ಲಗ್ನಪತ್ರಿಕೆ ಮಾದರಿಗಳು. ಇಬ್ಬರು ಅಂಗಡಿಯವರ ಟ್ಯಾಲಿ ಲೆಕ್ಕ. ಡೌನ್‌ಲೋಡ್ಸ್ ಫೋಲ್ಡರಲ್ಲಿ ಬಿದ್ದಿರೋ, ವಾಟ್ಸ್ಆ್ಯಪ್ ವೆಬ್ಬಿಂದ ಬಂದ ಫೋಟೋಗಳು. ಬ್ರೌಸರಲ್ಲಿ ಸೇವ್ ಆಗಿರೋ ಹನ್ನೆರಡು ಪಾಸ್‌ವರ್ಡ್. ಅದರಲ್ಲಿ ನಾಲ್ಕು ಯಾವುದಕ್ಕೆ ಅಂತ ಯಾರಿಗೂ ಗೊತ್ತಿಲ್ಲ.

ಎರಡನೇ ಪ್ರಶ್ನೆ: "ಯಾವುದನ್ನ ಎಲ್ಲಿ ಸೇವ್ ಮಾಡ್ತೀರಾ? ತೋರಿಸಿ." ಇದನ್ನ ಬಾಯಲ್ಲಿ ಕೇಳಿದ್ರೆ ಸಾಲದು. ಮಾನಿಟರ್ ಮತ್ತೆ ಆನ್ ಮಾಡಿ ಮೌಸ್ ಅವರ ಕೈಗೇ ಕೊಟ್ಟೆ. ಮಾಮೂಲಿ ಕೆಲಸ ಮಾಡಿ ತೋರಿಸಿ ಅಂದೆ. ಆಗ ಗೊತ್ತಾಯ್ತು, ಸಿ ಡ್ರೈವಲ್ಲಿ ಇನ್ನೂ ಮೂರು ಫೋಲ್ಡರ್ ಇವೆ ಅಂತ. ಟ್ಯಾಲಿ ಡೇಟಾ ಕೂಡ ಅಲ್ಲೇ ಕೂತಿತ್ತು.

ಮೂರನೇ ಪ್ರಶ್ನೆ: "ಈ ಕಂಪ್ಯೂಟರಿಗೆ ಏನೇನು ಚುಚ್ಚುತ್ತೀರಾ?" ಎರಡು ಪ್ರಿಂಟರ್, ಒಂದು ಸ್ಕ್ಯಾನರ್, ಬೆರಳಚ್ಚು ಯಂತ್ರ, ಆಡಿಟರ್ ಒಬ್ಬರು ಬಂದಾಗ ಹಾಕೋ ಡಿಜಿಟಲ್ ಸಹಿ ಟೋಕನ್. ಒಂದೊಂದರ ಮಾಡೆಲ್ ನಂಬರ್ ಬರೆದು, ವಿಂಡೋಸ್ 11ಕ್ಕೆ ಡ್ರೈವರ್ ಇದೆಯಾ ಅಂತ ತಯಾರಕರ ಜಾಲತಾಣದಲ್ಲಿ ನೋಡಿದ್ವಿ. ಒಂದು ಪ್ರಿಂಟರಿಗೆ ಸಿಗಲಿಲ್ಲ. ಅದು ಹಬ್ಬದ ಹಿಂದಿನ ದಿನ ಗೊತ್ತಾದದ್ದು ಒಳ್ಳೇದಾಯ್ತು, ಲಗ್ನಪತ್ರಿಕೆ ಅರ್ಜೆಂಟ್ ಇದ್ದ ದಿನ ಗೊತ್ತಾಗಿದ್ರೆ ಕಷ್ಟ.

ಇಷ್ಟಕ್ಕೇ ಒಂದೂವರೆ ಗಂಟೆ. ಕಂಪ್ಯೂಟರಲ್ಲಿ ಇನ್ನೂ ಏನೂ ಬದಲಾಗಿರಲಿಲ್ಲ. ಆದರೂ ಅವತ್ತು ಮಾಡಿದ್ದರಲ್ಲಿ ಮುಖ್ಯವಾದ ಕೆಲಸ ಇದೇ.

ಕನ್ನಡದ ಫಾಂಟು, ಕನ್ನಡದ ತೊಂದರೆ

ಇದನ್ನ ಬೇರೆ ಭಾಷೆಯ ಅಪ್‌ಗ್ರೇಡ್ ವಿಡಿಯೋಗಳು ಹೇಳಲ್ಲ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ನಮ್ಮ ಕಡೆ ಡಿಟಿಪಿ ಅಂಗಡಿ, ಶಾಲೆ, ಕಚೇರಿಗಳಲ್ಲಿ ವರ್ಷಗಟ್ಟಲೆ ಟೈಪ್ ಆಗಿರೋದು ನುಡಿ, ಬರಹ ತಂತ್ರಾಂಶಗಳಲ್ಲಿ. ಅದರಲ್ಲಿ ಯೂನಿಕೋಡ್ ಅಲ್ಲದ ಹಳೇ ಫಾಂಟುಗಳಲ್ಲಿ ಟೈಪ್ ಮಾಡಿದ ಫೈಲ್ ಇರುತ್ತಲ್ಲ, ಅದರ ಒಳಗೆ ನಿಜವಾಗಿ ಕನ್ನಡ ಅಕ್ಷರ ಇರಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ ಇರುತ್ತೆ. ಆ ಸಂಕೇತದ ಮೇಲೆ ಫಾಂಟು ಕನ್ನಡದ ಆಕಾರ ಬಿಡಿಸಿ ತೋರಿಸುತ್ತೆ. ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ತೆರೆದ್ರೆ ಬರೀ ಕಾಗೆ ಕಾಲು ಗುಬ್ಬಿ ಕಾಲು. ಹೊಸಬರು ಅದನ್ನ ನೋಡಿ ಫೈಲ್ ಕೆಟ್ಟಿದೆ ಅಂತ ಡಿಲೀಟ್ ಮಾಡಿಬಿಡ್ತಾರೆ.

ಇಲ್ಲೇ ಎರಡು ಥರದ ಅಪ್‌ಗ್ರೇಡ್ ವ್ಯತ್ಯಾಸ ತಿಳ್ಕೊಳ್ಳಿ. ಇದ್ದ ವಿಂಡೋಸ್ ಮೇಲೇ ಹೊಸದನ್ನ ಏರಿಸಿದ್ರೆ ಫೈಲು, ಪ್ರೋಗ್ರಾಂ, ಫಾಂಟು ಸಾಮಾನ್ಯವಾಗಿ ಹಾಗೇ ಉಳಿಯುತ್ತೆ. ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿದ್ರೆ ಏನೂ ಉಳಿಯಲ್ಲ. ನಿಮ್ಮ ಕಂಪ್ಯೂಟರಲ್ಲಿ ಇರೋದು 32 ಬಿಟ್ ವಿಂಡೋಸ್ 10 ಆಗಿದ್ರೆ ಮೇಲೆ ಏರಿಸೋಕೆ ಆಗೋದೇ ಇಲ್ಲ, ಯಾಕಂದ್ರೆ ವಿಂಡೋಸ್ 11 ಬರೋದು 64 ಬಿಟ್ಟಲ್ಲಿ ಮಾತ್ರ. ಹೊಸದಾಗೇ ಹಾಕಬೇಕು.

ಆದ್ದರಿಂದ ಯಾವ ದಾರಿ ಹಿಡಿದರೂ ವಿಂಡೋಸಿನ ಫಾಂಟ್ಸ್ ಫೋಲ್ಡರಿಂದ ನುಡಿ, ಬರಹದ ಫಾಂಟುಗಳನ್ನ ಎತ್ತಿಟ್ಟುಕೊಳ್ಳಿ. ಆ ತಂತ್ರಾಂಶಗಳ ಇನ್‌ಸ್ಟಾಲ್ ಫೈಲೂ ಇರಲಿ. ಇನ್ನೊಂದು, ಬೆಲೆಬಾಳೋ ಬರಹ ಇದ್ರೆ ಅದನ್ನ ಯೂನಿಕೋಡಿಗೆ ಪರಿವರ್ತಿಸಿ ಒಂದು ಪ್ರತಿ ಇಡಿ. ಪರಿವರ್ತಕಗಳು ಬಿಟ್ಟಿಯಾಗೇ ಸಿಗುತ್ತವೆ. ಪರಿವರ್ತನೆ ಆದ ಮೇಲೆ ಒಂದು ಸಲ ಓದಿ ನೋಡಿ, ಒತ್ತಕ್ಷರ, ಅರ್ಕಾವತ್ತು ಕೆಲವು ಕಡೆ ತಪ್ಪುತ್ತೆ. ಜೊತೆಗೆ ಒಂದು ಪಿಡಿಎಫ್ ಮಾಡಿಟ್ಟರೆ ಮೂಲದಲ್ಲಿ ಏನಿತ್ತು ಅನ್ನೋದಕ್ಕೆ ಸಾಕ್ಷಿ ಇರುತ್ತೆ.

ಚಿಕ್ಕಪ್ಪನ ಲಗ್ನಪತ್ರಿಕೆಗಳೆಲ್ಲ ಇರೋದು ಪೇಜ್‌ಮೇಕರಲ್ಲಿ. ತುಂಬ ಹಳೇ ತಂತ್ರಾಂಶ. ಹನ್ನೊಂದರಲ್ಲಿ ಅದು ನೆಟ್ಟಗೆ ನಡೆಯುತ್ತೋ ಇಲ್ವೋ ಅಂತ ಅಂಗಡಿ ಯಂತ್ರದ ಮೇಲೆ ಪ್ರಯೋಗ ಮಾಡೋ ಬದಲು, ನನ್ನ ಲ್ಯಾಪ್‌ಟಾಪಲ್ಲಿ ಹನ್ನೊಂದು ಇತ್ತಲ್ಲ, ಅದರಲ್ಲಿ ಹಾಕಿ ಒಂದು ಪತ್ರಿಕೆ ತೆರೆದು, ಪ್ರಿಂಟ್ ಕೊಟ್ಟು ನೋಡಿದ್ವಿ. ಬಂತು. ಆದರೂ ಚಿಕ್ಕಪ್ಪ ಅಂದರು, "ಹಳೇ ಯಂತ್ರದಲ್ಲೂ ಒಂದು ಇರ್ಲಿ." ಅನುಭವಸ್ಥರು.

ಪ್ರತಿ ತೆಗೆಯೋದು, ತೆರೆದು ನೋಡೋದು

ಬ್ಯಾಕಪ್ಪಿಗೆ 3-2-1 ಅಂತ ಒಂದು ಹಳೇ ಸೂತ್ರ ಇದೆ. ಮೂರು ಪ್ರತಿ, ಎರಡು ಬೇರೆ ಬೇರೆ ಥರದ ಸಾಧನದಲ್ಲಿ, ಅದರಲ್ಲಿ ಒಂದು ಬೇರೆ ಜಾಗದಲ್ಲಿ. ನಾವು ಮಾಡಿದ್ದು: ಕಂಪ್ಯೂಟರಲ್ಲಿ ಇರೋದು ಒಂದು, ಹೊರಗಿನ ಹಾರ್ಡ್ ಡಿಸ್ಕಲ್ಲಿ ಒಂದು, ತೀರಾ ಮುಖ್ಯವಾದದ್ದು ಗೂಗಲ್ ಡ್ರೈವಲ್ಲಿ ಒಂದು. ಅಲ್ಲಿ 15 ಜಿಬಿ ಬಿಟ್ಟಿ ಸಿಗುತ್ತೆ, ಆದರೆ ಅದರಲ್ಲೇ ಜಿಮೇಲೂ ಫೋಟೋನೂ ಸೇರಿರುತ್ತೆ ಅನ್ನೋದು ನೆನಪಿರಲಿ.

ಸಿಂಕ್ ಬೇರೆ, ಬ್ಯಾಕಪ್ ಬೇರೆ. ಸಿಂಕ್ ಆಗೋ ಫೋಲ್ಡರಲ್ಲಿ ಇಲ್ಲಿ ಅಳಿಸಿದ್ರೆ ಅಲ್ಲೂ ಅಳಿಸಿಹೋಗುತ್ತೆ. ಹಾರ್ಡ್ ಡಿಸ್ಕಿಗೆ ಕಾಪಿ ಆದ ಮೇಲೆ ಅದನ್ನ ಕಿತ್ತು ಬೀರುವಿನಲ್ಲಿಡಿ. ಚುಚ್ಚಿಯೇ ಇಟ್ಟರೆ, ಕಂಪ್ಯೂಟರಿಗೆ ಬಂದ ಕಾಯಿಲೆ ಅದಕ್ಕೂ ಬರುತ್ತೆ.

ಎಲ್ಲರೂ ಬಿಟ್ಟುಬಿಡೋ ಹೆಜ್ಜೆ ಒಂದಿದೆ. ಕಾಪಿ ಆಯ್ತು ಅಂದ ಮಾತ್ರಕ್ಕೆ ನಂಬಬೇಡಿ. ಆ ಡಿಸ್ಕನ್ನ ಇನ್ನೊಂದು ಕಂಪ್ಯೂಟರಿಗೆ ಹಾಕಿ, ಒಂದೊಂದು ಫೋಲ್ಡರಿಂದ ಎರಡು ಮೂರು ಫೈಲ್ ತೆರೆದು ನೋಡಿ. ತೆರೆಯದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.

ತಂಗಿ ಲ್ಯಾಪ್‌ಟಾಪಿನ 48 ಅಂಕಿ

ತಂಗಿ ಹೇಳಿದಳು, "ಅಕ್ಕಾ, ನಂದರಲ್ಲೇನೂ ತೊಂದರೆ ಇಲ್ಲ, ಎಲ್ಲಾ ಓಕೆ ಅಂತಿದೆ. ಬಟನ್ ಒತ್ತಲಾ?" ನಾನು, "ತಡಿ, ಡಿವೈಸ್ ಎನ್‌ಕ್ರಿಪ್ಷನ್ ಆನ್ ಇದೆಯಾ ನೋಡು" ಅಂದೆ. ಆನ್ ಇತ್ತು. ಅವಳಿಗೆ ಗೊತ್ತೇ ಇರಲಿಲ್ಲ.

ಇತ್ತೀಚಿನ ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದ್ರೆ ಎಷ್ಟೋ ಸಲ ಡಿಸ್ಕಿಗೆ ತಾನಾಗೇ ಬೀಗ ಬೀಳುತ್ತೆ. ಬಿಟ್‌ಲಾಕರ್ ತಂತ್ರಜ್ಞಾನವೇ ಅದು. ಕಳ್ಳರ ಕೈಗೆ ಸಿಕ್ಕರೂ ಓದೋಕಾಗಲ್ಲ, ಒಳ್ಳೇದೇ. ಆದರೆ ಬಯೋಸಲ್ಲೋ, ಟಿಪಿಎಂನಲ್ಲೋ ಏನಾದರೂ ಬದಲಾದರೆ ಅದಕ್ಕೆ ಅನುಮಾನ ಬಂದು ನಿಮ್ಮನ್ನೇ 48 ಅಂಕಿಯ ರಿಕವರಿ ಕೀ ಕೇಳಬಹುದು. ಕೀ ಇಲ್ಲದಿದ್ರೆ ಒಳಗಿರೋ ಫೈಲು ಮರೆತುಬಿಡಿ. ಯಾವ ರಿಪೇರಿ ಅಂಗಡಿಯವರೂ ತೆಗೆದುಕೊಡೋಕಾಗಲ್ಲ.

ಆ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೇಲಿ ಉಳಿದಿರುತ್ತೆ. ತಂಗಿ ಖಾತೆ ಯಾವುದು ಅಂತ ನೋಡಿದ್ರೆ, ಲ್ಯಾಪ್‌ಟಾಪ್ ಕೊಳ್ಳೋವಾಗ ಅಂಗಡಿ ಹುಡುಗ ತನಗೆ ತೋಚಿದ ಹೆಸರಲ್ಲಿ ಮಾಡಿಕೊಟ್ಟ ಮೇಲ್ ಐಡಿ! ಪಾಸ್‌ವರ್ಡ್ ಇವಳಿಗೆ ಗೊತ್ತಿಲ್ಲ. ನಾಲ್ಕು ಅಂಕಿಯ ಪಿನ್ ಹಾಕಿ ಮೂರು ವರ್ಷದಿಂದ ಬಳಸ್ತಿದ್ದಾಳೆ. ಬೀಗ ಇವಳ ಮನೇದು, ಬೀಗದ ಕೈ ಬೇರೆಯವರ ಜೇಬಲ್ಲಿ.

ಲ್ಯಾಪ್‌ಟಾಪ್ ಇನ್ನೂ ತೆರೆದುಕೊಳ್ತಿತ್ತಲ್ಲ, ಅದೇ ಪುಣ್ಯ. ಮೊದಲು ಅವಳ ಪ್ರಾಜೆಕ್ಟು, ಫೋಟೋ ಎಲ್ಲ ಹೊರಗೆ ತೆಗೆದ್ವಿ. ಆಮೇಲೆ ಸೆಟ್ಟಿಂಗ್ಸಲ್ಲಿ ಎನ್‌ಕ್ರಿಪ್ಷನ್ ಆಫ್ ಮಾಡಿದ್ವಿ. ಬೀಗ ಬಿಚ್ಚಿಕೊಳ್ಳೋಕೆ ಹೊತ್ತು ಹಿಡಿಯುತ್ತೆ, ಚಾರ್ಜಿಗೆ ಹಾಕಿ ಊಟಕ್ಕೆ ಹೋದ್ವಿ. ಅವಳ ಸ್ವಂತ ಖಾತೆ ಮಾಡಿ, ಅಪ್‌ಗ್ರೇಡ್ ಮುಗಿದ ಮೇಲೆ ಮತ್ತೆ ಆನ್ ಮಾಡಿ, ಹೊಸ ಕೀ ಅವಳ ಖಾತೇಲಿ ಬಂದಿದೆಯಾ ಅಂತ ನೋಡಿ, ಒಂದು ಹಾಳೆಯಲ್ಲೂ ಬರೆದಿಟ್ಟಳು. ನಿಮ್ಮ ಲ್ಯಾಪ್‌ಟಾಪ್ ಯಾರ ಖಾತೇಲಿ ಇದೆ ಅಂತ ಇವತ್ತೇ ನೋಡಿ. ಕಾಲೇಜು ಮೇಲ್ ಐಡಿಯಲ್ಲಿ ಇದ್ರೂ ಎಚ್ಚರ. ಕೋರ್ಸ್ ಮುಗಿದ ಮೇಲೆ ಆ ಐಡಿ ಎಷ್ಟು ದಿನ ಇರುತ್ತೋ ಯಾರಿಗೆ ಗೊತ್ತು.

ಬಟನ್ ಒತ್ತಿದ ರಾತ್ರಿ

ಈಗ ಮತ್ತೆ 2020ರ ಡೆಸ್ಕ್‌ಟಾಪಿಗೆ ಬರೋಣ. ಬಯೋಸಿಗೆ ಹೋಗಿ ಪಿಟಿಟಿ ಆನ್ ಮಾಡಿದೆ. ಅಲ್ಲೇ ಪಕ್ಕದಲ್ಲಿ ಟಿಪಿಎಂ ಕ್ಲಿಯರ್ ಅಂತ ಒಂದು ಆಯ್ಕೆ ಇರುತ್ತೆ, ಅದನ್ನ ಮುಟ್ಟಬೇಡಿ. ಇನ್ನೊಂದು ತೊಡಕಿತ್ತು. ಸಿಸ್ಟಂ ಇನ್ಫರ್ಮೇಷನ್ ತೆರೆದು ನೋಡಿದ್ರೆ ಬಯೋಸ್ ಮೋಡ್ ಲೆಗಸಿ ಅಂತಿತ್ತು. ಯುಇಎಫ್‌ಐಗೆ ಬದಲಾಯಿಸಬೇಕಂದ್ರೆ ಮೊದಲು ಡಿಸ್ಕನ್ನ ಎಂಬಿಆರ್ ಅನ್ನೋ ಹಳೇ ವಿನ್ಯಾಸದಿಂದ ಜಿಪಿಟಿಗೆ ತರಬೇಕು. ವಿಂಡೋಸ್ ಜೊತೆಗೇ ಅದಕ್ಕೊಂದು ಸಾಧನ ಬರುತ್ತೆ. ಏನೂ ಬದಲಾಯಿಸದೆ ಬರೀ ಆಗುತ್ತಾ ಇಲ್ವಾ ಅಂತ ಮೊದಲು ಪರೀಕ್ಷಿಸೋಕೂ ಅದರಲ್ಲೇ ಬರುತ್ತೆ. ನಾನು ಅದನ್ನ ಮಾಡಿದ್ದು ಬ್ಯಾಕಪ್ ತೆರೆದು ನೋಡಿದ ಮೇಲೆ. ಈ ಹಂತ ನಿಮಗೆ ಹೊಸದಾದರೆ ಗೊತ್ತಿರೋರನ್ನ ಪಕ್ಕದಲ್ಲಿ ಕೂರಿಸಿಕೊಳ್ಳಿ. ನಾಚಿಕೆ ಬೇಡ.

ಉಳಿದದ್ದು ಬೇಗ ಬೇಗ ಹೇಳ್ತೀನಿ. ಸಿ ಡ್ರೈವಲ್ಲಿ ಜಾಗ ಮಾಡಿ, ನಾನು ಕನಿಷ್ಠ 30 ಜಿಬಿ ಖಾಲಿ ಇಟ್ಟುಕೊಳ್ತೀನಿ. ವಿಂಡೋಸ್ 10ರ ಬಾಕಿ ಅಪ್‌ಡೇಟ್ ಎಲ್ಲ ಮುಗಿಸಿ. ಬೇರೆ ಕಂಪನಿ ಆ್ಯಂಟಿವೈರಸ್ ಇದ್ರೆ ತೆಗೆಯಿರಿ. ಕೀಬೋರ್ಡ್, ಮೌಸ್ ಬಿಟ್ಟು ಮಿಕ್ಕಿದ್ದೆಲ್ಲ ಕಿತ್ತುಬಿಡಿ. ಡೌನ್‌ಲೋಡ್ ಹಲವು ಜಿಬಿ ಆಗುತ್ತೆ, ಫೋನಿನ ಹಾಟ್‌ಸ್ಪಾಟ್ ನಂಬಿಕೊಂಡರೆ ದಿನದ ಡೇಟಾ ಅರ್ಧದಲ್ಲೇ ಖಾಲಿ.

ಮತ್ತೆ ಕರೆಂಟು. ಡೆಸ್ಕ್‌ಟಾಪಿಗೆ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಚಿಕ್ಕಪ್ಪನ ಯುಪಿಎಸ್ ಬ್ಯಾಟರಿ ಎರಡೇ ನಿಮಿಷಕ್ಕೆ ಕೀ ಕೀ ಅಂತಿತ್ತು. ಪಕ್ಕದ ಫೋಟೋ ಸ್ಟುಡಿಯೋದವರ ಹತ್ತಿರ ಒಂದು ರಾತ್ರಿಗೆ ಕಡ ತಂದ್ವಿ.

ಶುರು ಮಾಡಿದ ಮೇಲೆ ಕಂಪ್ಯೂಟರ್ ಮೂರ್ನಾಲ್ಕು ಸಲ ತಾನೇ ರೀಸ್ಟಾರ್ಟ್ ಆಗುತ್ತೆ. ಒಂದೇ ಅಂಕಿಯ ಮೇಲೆ ಎಷ್ಟೋ ಹೊತ್ತು ನಿಂತುಬಿಡುತ್ತೆ. ಪವರ್ ಬಟನ್ ಒತ್ತಬೇಡಿ. ಅದು ಕೆಲಸ ಮಾಡ್ಕೊಳ್ಳಲಿ, ನೀವು ಹೋಗಿ ಪಟಾಕಿ ಹಚ್ಚಿ. ನಾವು ಅದನ್ನೇ ಮಾಡಿದ್ವಿ.

ಮುಗಿದ ಮೇಲೆ ಆ ನೋಟ್‌ಬುಕ್ ತೆರೆದು ಸಾಲಾಗಿ ಟಿಕ್ ಹಾಕಿದ್ವಿ. ಟ್ಯಾಲಿ ತೆರೀತಾ? ನುಡಿಯಲ್ಲಿ ಒಂದು ಸಾಲು ಬರುತ್ತಾ? ಒಂದು ಪ್ರಿಂಟ್, ಒಂದು ಸ್ಕ್ಯಾನ್? ಮೇಲೇರಿಸಿದ ಅಪ್‌ಗ್ರೇಡ್ ಆದ್ರೆ, ಹಿಡಿಸದಿದ್ರೆ ಹಳೇ ವಿಂಡೋಸಿಗೆ ವಾಪಸ್ ಹೋಗೋಕೆ 10 ದಿನ ಇರುತ್ತೆ. ಸೆಟ್ಟಿಂಗ್ಸಲ್ಲಿ ಸಿಸ್ಟಂ, ಅದರೊಳಗೆ ರಿಕವರಿ. ಸಿ ಡ್ರೈವಲ್ಲಿ ವಿಂಡೋಸ್ ಡಾಟ್ ಓಲ್ಡ್ ಅಂತ ಒಂದು ದೊಡ್ಡ ಫೋಲ್ಡರ್ ಕಾಣುತ್ತೆ. ಜಾಗ ಉಳಿಸ್ತೀನಿ ಅಂತ ಅದನ್ನ ಮೊದಲ ದಿನವೇ ಅಳಿಸಿದ್ರೆ ವಾಪಸ್ ದಾರಿ ಮುಚ್ಚಿತು. ಆ ಹತ್ತು ದಿನದೊಳಗೆ ಎಲ್ಲಾ ಥರದ ಕೆಲಸ ಒಂದು ಸಲ ಮಾಡಿ ನೋಡಿ ಅಂತ ಚಿಕ್ಕಪ್ಪನಿಗೆ ಹೇಳಿದೆ. ಕ್ಯಾಲೆಂಡರಲ್ಲಿ ಕೆಂಪು ಇಂಕಲ್ಲಿ ಗುರುತು ಹಾಕಿದರು.

ಆ 2014ರ ಯಂತ್ರ? ಅದರ ನೆಟ್ ವೈರ್ ಕಿತ್ತುಬಿಟ್ವಿ. ಡ್ರೈವರ್ ಸಿಗದ ಆ ಪ್ರಿಂಟರು, ಪೇಜ್‌ಮೇಕರು, ಎರಡಕ್ಕೂ ಅದೇ ಆಸರೆ. ಬ್ಯಾಂಕು, ಆಧಾರು ಅದರಲ್ಲಿ ಬೇಡ ಅಂತ ಮೇಲೊಂದು ಚೀಟಿ ಅಂಟಿಸಿದ್ದಾರೆ. ನಿಮ್ಮ ಮನೇಲಿ ಇಂಥ ಯಂತ್ರ ಇದ್ದು ನೆಟ್ ಬೇಕೇ ಬೇಕು ಅಂದ್ರೆ, ಲಿನಕ್ಸ್ ಮಿಂಟ್, ಉಬುಂಟು ಥರದ್ದನ್ನ ಪೆನ್‌ಡ್ರೈವಿಂದಲೇ ಓಡಿಸಿ ನೋಡಿ, ಹಿಡಿಸಿದ್ರೆ ಮಾತ್ರ ಹಾಕಿ. ಅದರಲ್ಲೂ ನುಡಿಯವರ ಕೆಜಿಪಿ ಕೀಲಿಮಣೆ ವಿನ್ಯಾಸದಲ್ಲಿ ಕನ್ನಡ ಟೈಪ್ ಮಾಡಬಹುದು.

ಒಂಬತ್ತು ಹಾಳೆ

ಕೊನೇದಾಗಿ ಒಂದು ವಿಷಯ. ಅವತ್ತು ನೋಟ್‌ಬುಕ್ಕಲ್ಲಿ ಬರೀತಾ ಇದ್ದಾಗ ಚಿಕ್ಕಮ್ಮ ಎದ್ದು ಮನೆಗೆ ಹೋಗಿ ಬಂದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್. ಅದರೊಳಗೆ ಒಂಬತ್ತು ಹಾಳೆ. 2015ರಲ್ಲಿ ಪ್ರಿಂಟರ್ ರಿಪೇರಿ ಆದಾಗ ಸರಿಯಾಗಿದೆಯಾ ಅಂತ ನೋಡೋಕೆ ಅವರು ಒತ್ತಿದ್ದ ಪ್ರಿಂಟುಗಳು. 'ಅತ್ತೆ' ಫೋಲ್ಡರಿಂದ. ಟ್ರಂಕಲ್ಲಿ ಸೀರೆ ಕೆಳಗೆ ಇಟ್ಟಿದ್ದರಂತೆ. 43ರಲ್ಲಿ 11 ಪದ ಅದರಲ್ಲಿ ಉಳಿದಿವೆ.

"ನೀನು ಏನು ಹೋದ್ರೆ ಬೇಜಾರಾಗುತ್ತೆ ಅಂತ ಕೇಳಿದ್ಯಲ್ಲ" ಅಂದರು. "ಇದೂ ಬರ್ಕೋ."

ಹಬ್ಬದ ದಿನ ಮಧ್ಯಾಹ್ನ ಹೊಸ ವಿಂಡೋಸಲ್ಲಿ ಮೊದಲು ಟೈಪ್ ಮಾಡಿದ್ದು ಅದೇ, ಈ ಸಲ ಯೂನಿಕೋಡಲ್ಲಿ. ನಾನು ಓದಿ ಹೇಳಿದೆ, ತಂಗಿ ಟೈಪ್ ಮಾಡಿದಳು. ಎರಡು ಕಡೆ ಹಾಳೆ ಮಸುಕಾಗಿತ್ತು, ಆ ಸಾಲನ್ನ ಚಿಕ್ಕಮ್ಮ ನೆನಪಿಂದ ಹಾಡಿ ತುಂಬಿಸಿದರು. ಅದನ್ನೂ ಫೋನಲ್ಲಿ ರೆಕಾರ್ಡ್ ಮಾಡಿಕೊಂಡ್ವಿ. ಈಗ ಅದು ನಾಲ್ಕು ಜನರ ಫೋನಲ್ಲಿ, ಒಂದು ಹಾರ್ಡ್ ಡಿಸ್ಕಲ್ಲಿ, ಒಂದು ಡ್ರೈವಲ್ಲಿ ಇದೆ. ಮಿಕ್ಕ 32 ಪದ ಇಲ್ಲ. ಅದು ನನ್ನ ಲೆಕ್ಕಕ್ಕೆ.

ನೀವು ಇದನ್ನ ಕೇಳಿ ಮುಗಿಸಿದ ಮೇಲೆ ತಕ್ಷಣ ಕಂಪ್ಯೂಟರ್ ಮುಟ್ಟಬೇಡಿ. ಮನೇಲಿ ಅದನ್ನ ಬಳಸೋರು ಯಾರಿದ್ದಾರೋ ಅವರ ಪಕ್ಕ ಕೂತು ಒಂದೇ ಪ್ರಶ್ನೆ ಕೇಳಿ. ಇದರಲ್ಲಿ ಏನೇನು ಇಟ್ಟಿದ್ದೀರಾ, ಎಲ್ಲಿಟ್ಟಿದ್ದೀರಾ, ತೋರಿಸಿ. ಬಟನ್ ಒತ್ತೋದು ಆಮೇಲೆ.